ಎಕ್ಸ್ ಎಷ್ಟು ಎನ್ನುವ ಮೊದಲು ಬೆಳಕು ಎಷ್ಟು ಎಂದು ಕೇಳಿ

‘ಎಷ್ಟು ಎಕ್ಸ್ ಐತ್ರಿ?’ ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಆನ್‌ಲೈನಿನಲ್ಲಿ ಹುಡುಕುವವರೂ ಇದೇ ಅಂಕಿಯ ಬೆನ್ನು ಹತ್ತುತ್ತಾರೆ. ತಯಾರಕರಿಗೂ ಇದು ಗೊತ್ತು. ಅದಕ್ಕೇ 40, 60, 65, 83, 125 ಎಂಬ ಅಂಕಿಗಳನ್ನು ಕ್ಯಾಮೆರಾದ ಮೈಮೇಲೆ ಎದ್ದು ಕಾಣುವಂತೆ ಅಚ್ಚು ಹಾಕುತ್ತಾರೆ. ಬೆಲೆಯ ಹಂಗಿಲ್ಲದವರು ಈ ಅಂಕಿಗೆ ಮರುಳಾದರೆ ಅಂಥ ನಷ್ಟವೇನಿಲ್ಲ. ಆದರೆ ತಿಂಗಳ ಸಂಬಳದಲ್ಲಿ ಉಳಿಸಿ, ವರ್ಷಗಟ್ಟಲೆ ಬಾಳಲಿ ಎಂದು ಒಂದೇ ಒಂದು ಕ್ಯಾಮೆರಾ ಕೊಳ್ಳುವ ಶಿಕ್ಷಕರು, ಪ್ರವಾಸಿ ಮಾರ್ಗದರ್ಶಿಗಳು, ಇತಿಹಾಸದ ವಿದ್ಯಾರ್ಥಿಗಳು, ಹಕ್ಕಿ ನೋಡುವ ಹುಡುಗರು ಈ ಒಂದೇ ಅಂಕಿಯನ್ನು ನಂಬಿ ದುಡ್ಡು ಹಾಕಿದರೆ ಬಾದಾಮಿಯ ಗುಹೆಯೊಳಗೂ ನಿರಾಶರಾಗುತ್ತಾರೆ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲೂ ನಿರಾಶರಾಗುತ್ತಾರೆ. ಎರಡೂ ಕಡೆ ಕಾರಣ ಬೇರೆ ಬೇರೆ. ಎರಡನ್ನೂ ಬಿಡಿಸಿ ನೋಡಿದರೆ ಸಿಗುವ ಉತ್ತರ ಮಾತ್ರ ಒಂದೇ: ಪೂರ್ತಿ ಝೂಮ್ ಎಳೆದಾಗ ಆ ಲೆನ್ಸು ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ, ಆ ಬೆಳಕನ್ನು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಎಂಬುದನ್ನು ನೋಡಿ ಕೊಳ್ಳಬೇಕು.

ಎಕ್ಸ್ ಎಂಬುದು ದೂರದ ಅಳತೆಯೇ ಅಲ್ಲ. ಲೆನ್ಸಿನ ಅತಿ ಉದ್ದದ ತುದಿಯನ್ನು ಅತಿ ಅಗಲದ ತುದಿಯಿಂದ ಭಾಗಿಸಿದರೆ ಬರುವ ಅನುಪಾತ ಅದು. ನಿಕಾನ್ ಕೂಲ್‌ಪಿಕ್ಸ್ ಪಿ 1000 ಎಂಬ ಕ್ಯಾಮೆರಾ 24 ಮಿ.ಮೀ.ನಿಂದ 3000 ಮಿ.ಮೀ.ವರೆಗೆ ಹೋಗುತ್ತದೆ, ಹಾಗಾಗಿ 125 ಎಕ್ಸ್. ಅದೇ ಕಂಪನಿಯ ಬಿ 600 ಮತ್ತು ಪ್ಯಾನಸೋನಿಕ್‌ನ ಎಫ್‌ಜಡ್ 82 ಎರಡರ ಮೇಲೂ 60 ಎಕ್ಸ್ ಎಂದೇ ಬರೆದಿದೆ. ಆದರೆ ಮೊದಲನೆಯದು 24ರಿಂದ ಶುರುವಾಗಿ 1440 ಮಿ.ಮೀ. ಮುಟ್ಟುತ್ತದೆ, ಎರಡನೆಯದು 20ರಿಂದ ಶುರುವಾಗಿ 1200ಕ್ಕೆ ನಿಲ್ಲುತ್ತದೆ. ಅಂಕಿ ಒಂದೇ, ದೂರ ಬೇರೆ. ಅಲ್ಲದೆ ಈ ಮಿಲಿಮೀಟರುಗಳೂ ಲೆನ್ಸಿನ ನಿಜವಾದ ಅಳತೆಗಳಲ್ಲ; ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕಕ್ಕೆ ಹೊಂದಿಸಿ ಹೇಳುವ ಸಂಖ್ಯೆಗಳು. ಪಿ 1000ರ ಲೆನ್ಸಿನ ನಿಜವಾದ ಉದ್ದನೆಯ ತುದಿ 539 ಮಿ.ಮೀ. ಮಾತ್ರ. ಸೆನ್ಸರ್ ತೀರಾ ಚಿಕ್ಕದಾಗಿರುವುದರಿಂದ ದೃಶ್ಯದ ಒಂದು ಸಣ್ಣ ಚೂರಷ್ಟೇ ಅದರ ಮೇಲೆ ಬೀಳುತ್ತದೆ, ಹಾಗಾಗಿ 3000ದಷ್ಟು ಹತ್ತಿರ ಬಂದಂತೆ ಕಾಣುತ್ತದೆ. ದೊಡ್ಡ ಎಕ್ಸ್ ಅಗ್ಗದ ಕ್ಯಾಮೆರಾಗಳಲ್ಲಿ ಸಿಗುವುದಕ್ಕೆ ಈ ಚಿಕ್ಕ ಸೆನ್ಸರೇ ಕಾರಣ. ಅದರ ಬೆಲೆಯನ್ನು ನಾವು ಬೆಳಕಿನಲ್ಲಿ ತೆರುತ್ತೇವೆ.

ಬಾದಾಮಿಯಿಂದಲೇ ಲೆಕ್ಕ ಶುರುಮಾಡೋಣ. ಅಗಸ್ತ್ಯ ತೀರ್ಥದ ದಕ್ಷಿಣದ ಗುಡ್ಡದಲ್ಲಿ ಕೊರೆದ ನಾಲ್ಕು ಗುಹೆಗಳಲ್ಲಿ ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನ ಅಲ್ಲಿದೆ. ಕಂಬಗಳ ಮೇಲ್ತುದಿಯಲ್ಲಿ ಮಿಥುನಶಿಲ್ಪಗಳು, ಛಾವಣಿಯಲ್ಲಿ ಉಬ್ಬುಶಿಲ್ಪದ ಫಲಕಗಳು, ಕಪೋತದ ಒಳಮೈಯಲ್ಲಿ ಮಾಸಿಹೋಗುತ್ತಿರುವ ವರ್ಣಚಿತ್ರಗಳು. ಕಣ್ಣಿಗೆ ಎಟುಕದ ಎತ್ತರದಲ್ಲಿರುವ ಇವನ್ನೆಲ್ಲ ನೋಡಲು ಝೂಮ್ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಎಷ್ಟು ಬೇಕು ಎಂಬುದು. ಒಂದು ಮೀಟರ್ ಎತ್ತರದ ಶಿಲ್ಪ ನಿಮ್ಮಿಂದ ಎಂಟು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅದು ಅಡ್ಡ ಚೌಕಟ್ಟಿನಲ್ಲಿ ಮೇಲಿಂದ ಕೆಳಗಿನವರೆಗೆ ತುಂಬಲು ಬೇಕಾದದ್ದು ಸುಮಾರು 190 ಮಿ.ಮೀ. 24ರಿಂದ ಶುರುವಾಗುವ ಕ್ಯಾಮೆರಾದಲ್ಲಿ ಅದು ಬರೀ ಎಂಟು ಎಕ್ಸ್. ಆ ಶಿಲ್ಪದ ಎದೆಯಿಂದ ಮೇಲಿನ ಭಾಗವನ್ನಷ್ಟೇ ತುಂಬಿಸಬೇಕೆಂದರೂ 600 ಮಿ.ಮೀ. ದಾಟಿ ಹೆಚ್ಚು ದೂರ ಹೋಗಬೇಕಿಲ್ಲ. ಮೊದಲ ಗುಹೆಯ ಹೊರಗಿನ ಹದಿನೆಂಟು ಕೈಗಳ ನಟರಾಜನಿಗಂತೂ ಝೂಮೇ ಬೇಡ, ಎದುರಿಗೇ ನಿಲ್ಲಬಹುದು. 60 ಎಕ್ಸ್ ಹೊತ್ತು ಗುಹೆ ಹೊಕ್ಕವರು ಅದರಲ್ಲಿ ಬಳಸುವುದು ಮೊದಲ ಐದನೆಯ ಒಂದು ಭಾಗ ಮಾತ್ರ, ಅಪರೂಪಕ್ಕೆ ಅರ್ಧ. ಉಳಿದದ್ದಕ್ಕೆ ದುಡ್ಡು ಕೊಟ್ಟದ್ದು ವ್ಯರ್ಥ.

ಗುಹೆಯಲ್ಲಿ ಕೊರತೆಯಾಗುವುದು ಬೆಳಕು. ಈ ಗುಹೆಗಳ ಮುಖ ಕೆರೆಯ ಕಡೆಗೆ, ಅಂದರೆ ಉತ್ತರಕ್ಕಿದೆ. ನೇರ ಬಿಸಿಲು ಒಳಗೆ ಬರುವುದು ಕಡಿಮೆ. ಟ್ರೈಪಾಡ್ ನಿಲ್ಲಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪೂರ್ವಾನುಮತಿ ಬೇಕು. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಎತ್ತರದ ಶಿಲ್ಪವನ್ನು ಮುಟ್ಟುವಷ್ಟರಲ್ಲಿ ಸೊರಗುತ್ತದೆ. ಮುಟ್ಟಿದರೂ ಎದುರಿನಿಂದ ಬಿದ್ದ ಬೆಳಕಿಗೆ ನೆರಳೇ ಇಲ್ಲದೆ ಉಬ್ಬುಶಿಲ್ಪ ಚಪ್ಪಟೆಯಾಗುತ್ತದೆ. ಮಾಸಿದ ವರ್ಣಚಿತ್ರದ ಮೇಲೆ ಫ್ಲ್ಯಾಶ್ ಹೊಡೆಯುವುದಂತೂ ಯಾರೂ ಮಾಡಬಾರದ ಕೆಲಸ. ಹಾಗಾಗಿ ಕೈಯಲ್ಲೇ ಹಿಡಿದು, ಇದ್ದ ಬೆಳಕಿನಲ್ಲೇ ತೆಗೆಯಬೇಕು. ಇಲ್ಲಿ ಲೆನ್ಸಿನ ಕಿಂಡಿಯ ಲೆಕ್ಕ, ಅಂದರೆ ಅಪರ್ಚರ್, ಮುಖ್ಯವಾಗುತ್ತದೆ. ಅಗ್ಗದ ಉದ್ದ ಝೂಮ್ ಕ್ಯಾಮೆರಾಗಳ ಕಿಂಡಿ ಝೂಮ್ ಎಳೆಯುತ್ತ ಹೋದಂತೆ ಎಫ್ 3.3ರಿಂದ ಎಫ್ 6.5ಕ್ಕೆ ಕಿರಿದಾಗುತ್ತದೆ, ಪಿ 1000ದಲ್ಲಿ ಎಫ್ 8ಕ್ಕೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಪ್ಯಾನಸೋನಿಕ್ ಎಫ್‌ಜಡ್ 300 ಎಂಬ 2015ರ ಕ್ಯಾಮೆರಾ ಬರೀ 24 ಎಕ್ಸ್, 25ರಿಂದ 600 ಮಿ.ಮೀ. ಆದರೆ ಉದ್ದಕ್ಕೂ ಎಫ್ 2.8. ಎಫ್ 6.5ಕ್ಕೆ ಹೋಲಿಸಿದರೆ ಎಫ್ 2.8 ಒಳಗೆ ಬಿಡುವ ಬೆಳಕು ಐದು ಪಟ್ಟಿಗೂ ಹೆಚ್ಚು. ಒಂದು ಕ್ಯಾಮೆರಾ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 1600ರಲ್ಲಿ ಕಾಳುಕಾಳಾಗಿ ಕೊಡುವ ಚಿತ್ರವನ್ನು ಇನ್ನೊಂದು 300ರ ಆಸುಪಾಸಿನಲ್ಲಿ ಶುಭ್ರವಾಗಿ ಕೊಡುತ್ತದೆ. ಇನ್ನು ಸೆನ್ಸರ್. ಈ ಅಗ್ಗದ ಕ್ಯಾಮೆರಾಗಳಲ್ಲಿರುವ 1/2.3 ಇಂಚಿನ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. ಒಂದು ಇಂಚು ಎಂದು ಕರೆಯುವ ಸೆನ್ಸರಿನದು 116. ನಾಲ್ಕು ಪಟ್ಟು ಅಂಗಳ, ನಾಲ್ಕು ಪಟ್ಟು ಬೆಳಕು. ಪ್ಯಾನಸೋನಿಕ್ ಎಫ್‌ಜಡ್ 1000, ಸೋನಿ ಆರ್‌ಎಕ್ಸ್ 10 ಸಾಲಿನವು ಈ ಜಾತಿಯವು. ಅವುಗಳ ಎಕ್ಸ್ 25 ದಾಟುವುದಿಲ್ಲ. ಅಂಕಿ ನೋಡಿ ಕೊಳ್ಳುವವರು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಪಟ್ಟದಕಲ್ಲು, ಐಹೊಳೆಗಳ ಬಯಲಿನಲ್ಲಿ ಸ್ಥಿತಿ ಸ್ವಲ್ಪ ಬೇರೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳು ಹುಲ್ಲುಹಾಸಿನ ನಡುವೆ ಬಿಸಿಲಿಗೆ ಮೈಯೊಡ್ಡಿ ನಿಂತಿವೆ. ಜಂಬುಲಿಂಗ ಗುಡಿಯ ಶುಕನಾಸದ ಮೇಲಿನ ನರ್ತಿಸುವ ಶಿವನನ್ನೋ ವಿರೂಪಾಕ್ಷದ ವಿಮಾನದ ಕೂಟಶಾಲೆಗಳನ್ನೋ ನೆಲದಿಂದ ತೆಗೆಯಲು ಬೆಳಕಿಗೆ ಬರವಿಲ್ಲ. ಅಗ್ಗದ 60 ಎಕ್ಸ್ ಕ್ಯಾಮೆರಾ ಇಲ್ಲಿ ಒಳ್ಳೆಯ ಚಿತ್ರವನ್ನೇ ಕೊಡುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಇಲ್ಲಿಯೂ ಎರಡು ಮೀಟರಿನ ಗವಾಕ್ಷವನ್ನು ಮೂವತ್ತು ಮೀಟರ್ ದೂರದಿಂದ ತುಂಬಿಸಲು 360 ಮಿ.ಮೀ. ಸಾಕು. ಆದರೆ ಬಿಸಿಲು ಬೇರೊಂದು ಕೊರತೆಯನ್ನು ಹೊರಗೆಡಹುತ್ತದೆ. ಬಿ 600ರಂಥ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಹಿಂದಿನ ಪರದೆ ಮಧ್ಯಾಹ್ನದ ಬೆಳಕಿಗೆ ಕಪ್ಪಾಗಿ, ಎಲ್ಲಿಗೆ ಗುರಿಯಿಟ್ಟಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಉದ್ದ ಝೂಮಿನಲ್ಲಿ ಒಂದು ಕೂದಲೆಳೆ ಅಲುಗಿದರೂ ಗುಡಿಯೇ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಕ್ಯಾಮೆರಾವನ್ನು ಹುಬ್ಬಿಗೆ ಒತ್ತಿ, ಮೊಣಕೈಗಳನ್ನು ಎದೆಗೆ ಆನಿಸಿ ಹಿಡಿದಾಗ ಮಾತ್ರ ಅದು ನಿಲ್ಲುತ್ತದೆ, ಅದಕ್ಕೆ ವ್ಯೂಫೈಂಡರ್ ಬೇಕೇಬೇಕು. 500 ಮಿ.ಮೀ. ದಾಟುವ ಯಾವ ಕ್ಯಾಮೆರಾವನ್ನೂ ವ್ಯೂಫೈಂಡರ್ ಇಲ್ಲದೆ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆ ಎಷ್ಟೇ ಇಳಿದಿರಲಿ.

ಇನ್ನು ಕತ್ತಲಾದ ಮೇಲಿನ ಬಾಗಲಕೋಟೆ ಜಿಲ್ಲೆಯೂ ಒಂದಿದೆ. ಪುಷ್ಯ ಮಾಸದಲ್ಲಿ ಬಾದಾಮಿ ಹತ್ತಿರದ ಬನಶಂಕರಿಯ ಜಾತ್ರೆ ನಡೆಯುತ್ತದೆ. ಬನದ ಹುಣ್ಣಿಮೆಯ ತೇರು ಸಂಜೆಗೆ, ವೃತ್ತಿ ಕಂಪನಿಗಳ ನಾಟಕಗಳು ರಾತ್ರಿಯುದ್ದಕ್ಕೂ. ಜನಜಂಗುಳಿಯ ಹಿಂದಿನಿಂದ ರಂಗದ ಮೇಲಿನ ನಟಿಯ ಮುಖಭಾವ ಹಿಡಿಯಬೇಕೆನ್ನುವವರಿಗೆ 300-400 ಮಿ.ಮೀ. ಧಾರಾಳವಾಯಿತು. ಎಫ್ 6.5ರ ಕಿಂಡಿ ಮತ್ತು 28 ಚದರ ಮಿ.ಮೀ. ಸೆನ್ಸರ್ ಅಲ್ಲಿ ಕೈಚೆಲ್ಲುತ್ತವೆ. ಜಾತ್ರೆಗಾಗಿಯೇ ಝೂಮ್ ಕ್ಯಾಮೆರಾ ಕೊಳ್ಳುವವರು ಈ ಭಾಗದಲ್ಲಿ ಕಡಿಮೆಯಿಲ್ಲ. ಅವರು ಗುಹೆಯ ಲೆಕ್ಕವನ್ನೇ ಅನುಸರಿಸುವುದು ಒಳ್ಳೆಯದು.

ಗುಹೆಯ ಲೆಕ್ಕಕ್ಕೆ ಗಟ್ಟಿ ಆಕ್ಷೇಪ ಬರುವುದು ಹಿನ್ನೀರಿನ ಕಡೆಯಿಂದ. ಆಲಮಟ್ಟಿ ಜಲಾಶಯದ ನೀರು ಇಳಿಯುತ್ತ ಬಂದಂತೆ ಬಾಗಲಕೋಟೆ ಸುತ್ತಲಿನ ಕೆಸರುದಂಡೆಗಳಲ್ಲಿ ರಾಜಹಂಸಗಳೂ ಪಟ್ಟೆತಲೆ ಹೆಬ್ಬಾತುಗಳೂ ಬಂದಿಳಿಯುತ್ತವೆ. ಅವುಗಳ ಹತ್ತಿರ ಹೋಗಲಾಗದು, ಹೋಗಲೂಬಾರದು. ಬೀಳಗಿ-ಮುಧೋಳ ಸೀಮೆಯ ಯಡಹಳ್ಳಿ ಧಾಮದ ಚಿಂಕಾರಗಳು ಮನುಷ್ಯನ ಸುಳಿವು ಸಿಕ್ಕಿದರೆ ಓಟ ಕೀಳುತ್ತವೆ. 1.3 ಮೀಟರ್ ಎತ್ತರದ ರಾಜಹಂಸ 200 ಮೀಟರ್ ದೂರ ನಿಂತಿದ್ದರೆ 600 ಮಿ.ಮೀ.ನಲ್ಲಿ ಅದು ಚೌಕಟ್ಟಿನ ಎತ್ತರದ ಆರನೆಯ ಒಂದು ಭಾಗ ಮಾತ್ರ ತುಂಬುತ್ತದೆ, 2000 ಮಿ.ಮೀ.ನಲ್ಲಿ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಎಕ್ಸ್ ಗೆಲ್ಲಲೇಬೇಕಲ್ಲವೇ ಎಂದು ಹಕ್ಕಿಪ್ರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಚೌಕಟ್ಟು ತುಂಬುವುದು ಬೇರೆ, ಗರಿಯ ಅಂಚು ಬಿಡಿಬಿಡಿಯಾಗಿ ಕಾಣುವುದು ಬೇರೆ. ದೂರದ ಸೂಕ್ಷ್ಮ ವಿವರವನ್ನು ಒಂದು ಲೆನ್ಸು ಎಷ್ಟರಮಟ್ಟಿಗೆ ಬಿಡಿಸಬಲ್ಲದು ಎಂಬುದಕ್ಕೆ ಭೌತಶಾಸ್ತ್ರ ಒಂದು ಗಡಿ ಹಾಕಿದೆ. ಆ ಗಡಿಯನ್ನು ನಿರ್ಧರಿಸುವುದು ಲೆನ್ಸಿನ ಕಿಂಡಿಯ ನಿಜವಾದ ವ್ಯಾಸ. ಲೆನ್ಸಿನ ಮೇಲೆ ಅಚ್ಚಾಗಿರುವ ನಿಜವಾದ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ವ್ಯಾಸ ಸಿಗುತ್ತದೆ. ದೂರದರ್ಶಕ ಕೊಳ್ಳುವವರು ಮೊದಲು ವ್ಯಾಸ ಕೇಳುವುದು ಇದಕ್ಕೇ.

ಈ ಭಾಗಾಕಾರ ಮಾಡಿ ನೋಡಿದರೆ ಆಶ್ಚರ್ಯ ಕಾದಿದೆ. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 70, 65 ಎಕ್ಸ್: 247 ಭಾಗಿಸು 6.5, ಅಂದರೆ 38 ಮಿ.ಮೀ. ನಿಕಾನ್ ಬಿ 600, 60 ಎಕ್ಸ್: 258 ಭಾಗಿಸು 6.5, ಸುಮಾರು 40 ಮಿ.ಮೀ. ಪ್ಯಾನಸೋನಿಕ್ ಎಫ್‌ಜಡ್ 300, 24 ಎಕ್ಸ್: 108 ಭಾಗಿಸು 2.8, ಅದೂ 38ರ ಮೇಲೆಯೇ. ಅಂಕಿಯಲ್ಲಿ ಎರಡೂವರೆ ಪಟ್ಟು ಅಂತರವಿರುವ ಮೂರು ಕ್ಯಾಮೆರಾಗಳ ಕಿಂಡಿ ಹೆಚ್ಚುಕಡಿಮೆ ಒಂದೇ. 24 ಎಕ್ಸ್‌ನ ಕ್ಯಾಮೆರಾ ಪಿಕ್ಸೆಲ್‌ಗಳ ಒರಟುತನದಿಂದಾಗಿ ಸ್ವಲ್ಪ ಹಿಂದೆ ಬೀಳುತ್ತದೆ, ಅದು ನಿಜ; ಆದರೆ ಡಬ್ಬಿಯ ಮೇಲಿನ ಅಂಕಿ ಹೇಳುವಷ್ಟು ಹಿಂದೆ ಅಲ್ಲವೇ ಅಲ್ಲ. ಹಾಗೆಯೇ ನಿಕಾನ್ ಪಿ 950, 83 ಎಕ್ಸ್, ಕಿಂಡಿ 55 ಮಿ.ಮೀ. ಸೋನಿ ಆರ್‌ಎಕ್ಸ್ 10ರ ನಾಲ್ಕನೆಯ ಆವೃತ್ತಿ, 25 ಎಕ್ಸ್, ಅದರದೂ 55 ಮಿ.ಮೀ. ಪಿ 1000ರದು 67. ಈ ಗುಂಪಿನಲ್ಲಿ ಅದೇ ದೊಡ್ಡದು. ಅದಕ್ಕಾಗಿಯೇ ಅದು ಒಂದು ಕಿಲೋ ನಾಲ್ಕು ನೂರು ಗ್ರಾಂ ತೂಗುತ್ತದೆ. ಎಸ್‌ಎಕ್ಸ್ 70ರ ತೂಕ ಬರೀ 610 ಗ್ರಾಂ. ಕಿಂಡಿ ಹಿಗ್ಗಬೇಕೆಂದರೆ ಗಾಜು ಹೆಚ್ಚಬೇಕು, ಗಾಜು ಹೆಚ್ಚಿದರೆ ತೂಕವೂ ಬೆಲೆಯೂ ಹೆಚ್ಚುತ್ತವೆ. ಹಗುರಾದ, ಅಗ್ಗದ, ಭಾರಿ ಎಕ್ಸ್‌ನ ಕ್ಯಾಮೆರಾ ಎಂಬ ಮಾತು ಇಲ್ಲಿಗೆ ಮುರಿದುಬೀಳುತ್ತದೆ.

ಗಾಜಿನ ಗಡಿಯ ಆಚೆ ಗಾಳಿಯ ಗಡಿಯಿದೆ. ನಮ್ಮ ಬಯಲುಸೀಮೆಯಲ್ಲಿ ಅದನ್ನು ಮರೆತು ಕ್ಯಾಮೆರಾದ ಮಾತಾಡಲಾಗದು. ಮಾರ್ಚ್ ಕಳೆದರೆ ಹತ್ತು ಗಂಟೆಯ ಹೊತ್ತಿಗೇ ಕರಿಮಣ್ಣು ಕಾದು ಗಾಳಿ ಕುದಿಯತೊಡಗುತ್ತದೆ. ದೂರದ ಮರ, ದಂಡೆ, ಹಕ್ಕಿ ಎಲ್ಲ ನಡುಗಿದಂತೆ ಕಾಣುವ ಬಿಸಿಲ್ಗುದುರೆಯ ಹೊತ್ತು ಅದು. ಆಗ 2000 ಮಿ.ಮೀ. ಎಳೆದರೆ ಹಕ್ಕಿಯ ಜೊತೆ ಆ ನಡುಕವೂ ದೊಡ್ಡದಾಗಿ ಬರುತ್ತದೆ. ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆಯ ನೀರಿನಗಲಕ್ಕೆ ಕ್ಯಾಮೆರಾ ತಿರುಗಿಸುವವರಿಗೂ ಇದೇ ತೊಡಕು. ಇದಕ್ಕೆ ಯಾವ ಕಂಪನಿಯ ಬಳಿಯೂ ಮದ್ದಿಲ್ಲ. ಬೆಳಗಿನ ಮೊದಲ ಎರಡು ತಾಸು ಗಾಳಿ ತಂಪಾಗಿ ನಿಶ್ಚಲವಾಗಿರುತ್ತದೆ. ಉದ್ದ ಝೂಮ್ ನಿಜವಾಗಿ ಕೆಲಸಕ್ಕೆ ಬರುವುದು ಆಗ ಮಾತ್ರ. ಆದರೆ ಆ ಹೊತ್ತಿನ ಬೆಳಕು ಮೃದು, ಎಫ್ 8ರ ಕಿಂಡಿಗೆ ಅದು ಸಾಲದು. ಹಾಗಾಗಿ ಹಕ್ಕಿಯ ದಂಡೆಯಲ್ಲೂ ಕೊನೆಗೆ ಬೆಳಕಿನ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಇಷ್ಟಾದ ಮೇಲೂ ಹಕ್ಕಿಗಾಗಿಯೇ ಕ್ಯಾಮೆರಾ ಕೊಳ್ಳುವವರಿಗೆ ನಾನು ಪಿ 950 ಜಾತಿಯನ್ನು ಬೇಡ ಎನ್ನುವುದಿಲ್ಲ. ಅದರ 55 ಮಿ.ಮೀ. ಕಿಂಡಿ ಗಟ್ಟಿಯಾದದ್ದು, ವ್ಯೂಫೈಂಡರ್ ಇದೆ, ಕಚ್ಚಾ ಮಾಹಿತಿಯನ್ನು ಹಾಗೇ ಉಳಿಸುವ ರಾ ಫೈಲ್ ಸೌಲಭ್ಯವೂ ಇದೆ. ಹಿಂದಿನ ಪಿ 900ರಲ್ಲಿ ರಾ ಇರಲಿಲ್ಲ. ಇಂಥ ಕ್ಯಾಮೆರಾದಿಂದ ಆಗುವ ಕೆಲಸ ಬರೀ ಹವ್ಯಾಸದ್ದಲ್ಲ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಪಟ್ಟಿಯ ಮೇಲಿನ ಅಕ್ಷರ ಓದುವಂತೆ ಚಿತ್ರ ತೆಗೆದು ಕಳಿಸಿದ ಊರಿನ ಹುಡುಗ ಹಿಮಾಲಯದಾಚೆಯ ವಲಸೆಯ ಅಧ್ಯಯನಕ್ಕೆ ಒಂದು ಖಚಿತ ಮಾಹಿತಿ ಕೊಟ್ಟಂತಾಗುತ್ತದೆ. ದೂರ ನಿಂತೇ ತೆಗೆಯುವುದರಿಂದ ಹಕ್ಕಿಗೂ ಉಪದ್ರವವಿಲ್ಲ. ಇದು ಉದ್ದ ಝೂಮಿನ ಪರವಾಗಿ ಇರುವ ಅತಿ ಗಟ್ಟಿಯಾದ ವಾದ, ಅದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಆದರೆ ಇದನ್ನೇ ಮುಂದಿಟ್ಟು ವರ್ಷಕ್ಕೊಮ್ಮೆ ಹಕ್ಕಿ ನೋಡಿ, ಉಳಿದ ದಿನ ಗುಡಿ-ಜಾತ್ರೆ-ಮದುವೆಗಳ ಚಿತ್ರ ತೆಗೆಯುವವರಿಗೂ 83 ಎಕ್ಸ್ ಮಾರುವುದು ಸರಿಯಲ್ಲ.

ಫೋನ್ ಸಾಲದೇ ಎಂಬುದು ಎರಡನೆಯ ಆಕ್ಷೇಪ. ಹಲವು ಕೆಲಸಕ್ಕೆ ಸಾಕು, ಅಲ್ಲಿ ಕ್ಯಾಮೆರಾಕ್ಕೆ ದುಡ್ಡು ಹಾಕಬೇಡಿ ಎಂದೇ ಹೇಳುತ್ತೇನೆ. ಇಳಕಲ್ಲಿನ ನೇಕಾರರು, ಸೀರೆ ವ್ಯಾಪಾರಿಗಳು ಟೋಪ್‌ತೆನಿ ಸೆರಗಿನ ಚಿತ್ರ ತೆಗೆದು ವಾಟ್ಸ್ಆ್ಯಪಿನಲ್ಲಿ ಗಿರಾಕಿಗೆ ಕಳಿಸಲು ಝೂಮ್ ಬೇಡ. ಕುಣಿಮಗ್ಗದ ಕೋಣೆ ಇಕ್ಕಟ್ಟು, ಬೆಳಕು ಕಿಟಕಿಯಿಂದ ಬಂದಷ್ಟೇ. ಅಲ್ಲಿ ಬೇಕಾದದ್ದು ಅಗಲವಾಗಿ ಕಾಣುವ ತುದಿ. ಒಳ್ಳೆಯ ಫೋನನ್ನು ಕಿಟಕಿಯ ಬಳಿ ಹಿಡಿದರೆ ಕೆಲಸ ಆಗುತ್ತದೆ. ಸೆರಗಿನ ಗಾಢ ಕೆಂಪು ಮಾತ್ರ ಫೋನಿನಲ್ಲಿ ಉರಿದು ಎಳೆಗಳು ಕೂಡಿಹೋಗುವುದುಂಟು. ಬೆಳಕಿನ ಪ್ರಮಾಣವನ್ನು ಸ್ವಲ್ಪ ಇಳಿಸಿ ತೆಗೆದರೆ ಅದೂ ಸರಿಹೋಗುತ್ತದೆ. ಆದರೆ ನೂರು ಎಕ್ಸ್ ಎಂದು ಸಾರುವ ಫೋನುಗಳ ಮಾತು ಬೇರೆ. ಅದರಲ್ಲಿ ಗಾಜಿನಿಂದ ಬರುವುದು ಹೆಚ್ಚೆಂದರೆ ಹತ್ತು ಪಟ್ಟು. ಉಳಿದದ್ದು ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದ್ದು, ಕಾಣದ ವಿವರವನ್ನು ಲೆಕ್ಕಾಚಾರದಿಂದ ತುಂಬಿದ್ದು. ಅಂಥ ದುಬಾರಿ ಫೋನಿನ ಟೆಲಿಫೋಟೋ ಕಿಂಡಿ ಸಾಮಾನ್ಯವಾಗಿ ಐದಾರು ಮಿ.ಮೀ. ಅಷ್ಟೇ. 200 ಮೀಟರ್ ಆಚೆ ಅಷ್ಟು ಕಿಂಡಿ ಎರಡು ಸೆಂ.ಮೀ.ಗಿಂತ ಸಣ್ಣದನ್ನು ಬೇರೆ ಮಾಡಿ ತೋರಲಾರದು, 55 ಮಿ.ಮೀ. ಕಿಂಡಿ ಎರಡೂವರೆ ಮಿ.ಮೀ.ವರೆಗೆ ಹೋಗಬಲ್ಲದು. ಶಾಸನದ ಅಕ್ಷರಕ್ಕೆ, ಸವೆದ ಶಿಲ್ಪದ ಮುಖಕ್ಕೆ ಯಂತ್ರ ಊಹಿಸಿ ತುಂಬಿದ ಗೆರೆಗಳು ಬರೀ ನಿರುಪಯೋಗಿಯಲ್ಲ, ಅಪಾಯಕಾರಿ. ಕಪ್ಪೆ ಅರಭಟ್ಟನ ಶಾಸನದಂಥ ಬಂಡೆಯ ಬರಹದಲ್ಲಿ ಇಲ್ಲದ ಗೆರೆಯೊಂದು ಮೂಡಿದರೆ ಓದು ತಪ್ಪುತ್ತದೆ.

ಮೂರನೆಯ ಆಕ್ಷೇಪ ತಿಳಿದವರದು: ಅದೇ ದುಡ್ಡಿಗೆ ಹಳೆಯ ಡಿಎಸ್‌ಎಲ್‌ಆರ್ ಮತ್ತು 70-300ರ ಲೆನ್ಸು ಸೆಕೆಂಡ್ ಹ್ಯಾಂಡ್ ಸಿಗುವಾಗ ಇದೆಲ್ಲ ಏಕೆ? ಇದಕ್ಕೆ ನನ್ನ ಬಳಿ ಪೂರ್ಣ ಖಂಡನೆಯಿಲ್ಲ. ನಿಕಾನ್‌ನ ಡಿಎಕ್ಸ್ ಸೆನ್ಸರ್ 1/2.3 ಇಂಚಿನದಕ್ಕಿಂತ ಹದಿಮೂರು ಪಟ್ಟು ದೊಡ್ಡದು. 70-300ರ ಅಗ್ಗದ ಲೆನ್ಸಿನ ಉದ್ದ ತುದಿಯಲ್ಲಿ 300 ಭಾಗಿಸು 6.3, ಅಂದರೆ 47 ಮಿ.ಮೀ. ಮೀರಿದ ಕಿಂಡಿ, 65 ಎಕ್ಸ್‌ನ ಕ್ಯಾಮೆರಾಕ್ಕಿಂತ ಹೆಚ್ಚು. ಕ್ಯಾನನ್‌ನ 55-250ರದೂ ಸುಮಾರು 45. ಗುಹೆಗೂ ಗುಡಿಗೂ ಇದು ಉತ್ತಮ, ಬೆಲೆಗೂ ಸರಿ. ತೊಡಕು ಎರಡು. ಅಗಲಕ್ಕೆ ಒಂದು, ಉದ್ದಕ್ಕೆ ಒಂದು ಲೆನ್ಸು ಬೇಕು. ಬಯಲುಗಾಳಿಯ ದೂಳಿನಲ್ಲಿ ಅವನ್ನು ಬದಲಿಸುವುದು ಸೆನ್ಸರಿಗೆ ಒಳ್ಳೆಯದಲ್ಲ. ಬಾದಾಮಿಯ ಮೆಟ್ಟಿಲುಗಳ ಮೇಲೆ ಬ್ಯಾಗು ಬಿಚ್ಚಿದರೆ ಮಂಗಗಳು ಬಿಡುವುದಿಲ್ಲ. ಈ ಎರಡನ್ನೂ ಸಂಭಾಳಿಸುವ ತಾಳ್ಮೆ, ಕಲಿಯುವ ಆಸಕ್ತಿ ಇರುವ ವಿದ್ಯಾರ್ಥಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಕುಟುಂಬದವರೆಲ್ಲ ಬಳಸುವ, ಶಾಲೆಯಲ್ಲಿ ನಾಲ್ಕು ಕೈ ಬದಲಾಗುವ ಕ್ಯಾಮೆರಾ ಬೇಕೆಂದರೆ ಒಂದೇ ಲೆನ್ಸಿನ ಜಾತಿಯೇ ಲೇಸು.

ಬೆಲೆಯ ಮಾತಿಗೆ ಬಂದರೆ, ಒಂದು ಇಂಚಿನ ಸೆನ್ಸರಿನ ಹೊಸ ಕ್ಯಾಮೆರಾ ನಮ್ಮಲ್ಲಿ ಬಹಳ ಜನರ ಕೈಗೆಟುಕುವುದಿಲ್ಲ. ಆರ್‌ಎಕ್ಸ್ 10ರ ನಾಲ್ಕನೆಯ ಆವೃತ್ತಿಯ ಬೆಲೆ ಒಂದು ಲಕ್ಷ ರೂಪಾಯಿ ದಾಟಿತ್ತು. 2019ರ ಜನವರಿಯಲ್ಲಿ ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದರೂ ಅಗ್ಗವಾಯಿತು ಎನ್ನುವಂತಾಗಲಿಲ್ಲ. ಜಪಾನಿನ ತಯಾರಕರು 2010ರಲ್ಲಿ ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿ. 2023ರಲ್ಲಿ ಒಂದು ಕೋಟಿಗೂ ಕಡಿಮೆ. ಫೋನು ಆ ಮಾರುಕಟ್ಟೆಯನ್ನು ನುಂಗಿದೆ, ಅಗ್ಗದ ಹೊಸ ಮಾದರಿಗಳು ಬರುವುದು ವಿರಳವಾಗಿದೆ. ಹಾಗಾಗಿ ಕಡಿಮೆ ಬೆಲೆಯ ಖರೀದಿ ಎಂದರೆ ಈಗ ಬಹುಪಾಲು ಸೆಕೆಂಡ್ ಹ್ಯಾಂಡ್ ಖರೀದಿಯೇ. ಅಲ್ಲಿ ಎಫ್‌ಜಡ್ 1000, ಎಫ್‌ಜಡ್ 300ರಂಥ ಹತ್ತು ವರ್ಷದ ಹಳೆಯ ಮಾದರಿಗಳನ್ನು ಹುಡುಕುವುದು ಹೊಸ 60 ಎಕ್ಸ್ ಕೊಳ್ಳುವುದಕ್ಕಿಂತ ಜಾಣತನ. ನೋಡಬೇಕಾದದ್ದು ದೂಳು. ಈ ಕ್ಯಾಮೆರಾಗಳ ಲೆನ್ಸು ಹೊರಗೆ ಚಾಚಿ ಒಳಗೆ ಸೇರುವಾಗ ಕಮ್ಮಾರನ ತಿದಿಯಂತೆ ಗಾಳಿ ಎಳೆದುಕೊಳ್ಳುತ್ತದೆ. ಎರೆಯ ದೂಳು, ಹುನಗುಂದ-ಇಳಕಲ್ ಸೀಮೆಯ ಗ್ರಾನೈಟ್ ಕ್ವಾರಿಗಳ ಪುಡಿ ಎಲ್ಲ ಒಳಗೆ ಸೇರುತ್ತವೆ. ಬಿಚ್ಚಿ ಒರೆಸಲು ಬರುವುದಿಲ್ಲ. ಲೆನ್ಸನ್ನು ಪೂರ್ತಿ ಚಾಚಿಸಿ, ಆಕಾಶಕ್ಕೆ ಹಿಡಿದು ತೆಗೆದ ಚಿತ್ರದಲ್ಲಿ ಕಪ್ಪು ಚುಕ್ಕೆ ಕಂಡರೆ ಬಿಟ್ಟುಬಿಡಿ. ಝೂಮ್ ಮೋಟರು ಗರಗರ ಎಂದರೂ ಬಿಟ್ಟುಬಿಡಿ, ಅದರ ರಿಪೇರಿಗೆ ದೊಡ್ಡ ಊರಿಗೆ ಕಳಿಸಿ ಕ್ಯಾಮೆರಾದ ಅರ್ಧ ಬೆಲೆ ಕೊಡಬೇಕಾದೀತು.

ಇಷ್ಟು ಲೆಕ್ಕ ಏಕೆ, ನೆನಪಿಗೊಂದು ಚಿತ್ರ ತಾನೆ ಎನ್ನುವವರಿಗೆ ನಮ್ಮ ಜಿಲ್ಲೆಯ ಇತಿಹಾಸವೇ ಉತ್ತರ. ಬಾಂಬೆ ಆರ್ಟಿಲರಿಯ ಅಧಿಕಾರಿ ಬಿಗ್ಸ್ 1850ರ ದಶಕದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಿತ್ರ ತೆಗೆದ. ಕಲಾದಗಿ ಜಿಲ್ಲೆ ಎಂದು ಕರೆಯುತ್ತಿದ್ದ ಈ ಸೀಮೆಯ ಸ್ಮಾರಕಗಳ ವರದಿಯನ್ನು ಜೇಮ್ಸ್ ಬರ್ಜೆಸ್ 1874ರಲ್ಲಿ ಪ್ರಕಟಿಸಿದ. ಅಂದು ಗುಡಿ ಹೇಗಿತ್ತು, ಯಾವ ಕಲ್ಲು ಎಲ್ಲಿತ್ತು ಎಂಬುದನ್ನು ಇಂದಿನ ವಿದ್ವಾಂಸರು ತಾಳೆ ನೋಡುವುದು ಆ ಹಳೆಯ ಚಿತ್ರಗಳ ಜೊತೆಗೇ. ನಮ್ಮದು ಮರಳುಗಲ್ಲು, ಮಳೆ-ಗಾಳಿ-ಬಿಸಿಲಿಗೆ ಸವೆಯುತ್ತದೆ, ಪದರ ಉದುರುತ್ತದೆ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಮೇಗುಟಿಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ತಜ್ಞರ ತಂಡ ಪ್ರತಿ ವರ್ಷ ಪ್ರತಿ ಗುಡಿಗೆ ಬರಲಾರದು. ಸ್ಮಾರಕಗಳ ಆವರಣದಲ್ಲಿ ಚಿತ್ರ ತೆಗೆಯಲು 2018ರಲ್ಲಿ ಕೆಲವೇ ಅಪವಾದಗಳೊಡನೆ ಮುಕ್ತ ಅವಕಾಶ ಸಿಕ್ಕಿದೆ. ಹುನಗುಂದದ, ಬಾದಾಮಿಯ ಒಂದೊಂದು ಪ್ರೌಢಶಾಲೆ ಒಂದೊಂದು ಹದವಾದ ಕ್ಯಾಮೆರಾ ಇಟ್ಟುಕೊಂಡು, ಪ್ರತಿ ಡಿಸೆಂಬರಿನಲ್ಲಿ ಒಂದೇ ಜಾಗದಲ್ಲಿ ನಿಂತು ಒಂದೇ ಶಿಲ್ಪಗಳ ಚಿತ್ರ ತೆಗೆದು ದಿನಾಂಕ ಬರೆದಿಟ್ಟರೆ, ಇಪ್ಪತ್ತು ವರ್ಷಕ್ಕೆ ಯಾರ ಬಳಿಯೂ ಇಲ್ಲದ ದಾಖಲೆಯಾಗುತ್ತದೆ. ಅಂಥ ದಾಖಲೆಗೆ 125 ಎಕ್ಸ್ ಬೇಕಿಲ್ಲ. ಮಬ್ಬುಬೆಳಕಿನಲ್ಲೂ ಗೆರೆ ಬಿಡದ ಲೆನ್ಸು, ರಾ ಫೈಲ್, ವ್ಯೂಫೈಂಡರ್ ಬೇಕು.

ಲೆಕ್ಕಾಚಾರ ಕೆಲವರಿಗೆ ಬೇಸರ ತರಬಹುದು. ಅವರಿಗಾಗಿ ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹಗಲಿನಲ್ಲಿ ಹೋಗಿ, ಅಂಗಡಿಯ ಅತಿ ಮಬ್ಬಾದ ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರನ್ನು ಎದುರು ಮೂಲೆಯಿಂದ, ಫ್ಲ್ಯಾಶ್ ಆರಿಸಿ, ಕೈಯಲ್ಲೇ ಹಿಡಿದು ಪೂರ್ತಿ ಝೂಮಿನಲ್ಲಿ ತೆಗೆಯಿರಿ. ಆಮೇಲೆ ಅರ್ಧ ಝೂಮಿನಲ್ಲಿ, ಕಾಲು ಝೂಮಿನಲ್ಲಿ. ಡಿಜಿಟಲ್ ಝೂಮ್ ಬಂದ್ ಆಗಿದೆಯೇ ನೋಡಿಕೊಳ್ಳಿ. ಮೂರೂ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ತಿಥಿ-ನಕ್ಷತ್ರದ ಸಣ್ಣ ಅಕ್ಷರ ಓದಿ. ಯಾವ ಚಿತ್ರದಲ್ಲಿ ಅಕ್ಷರ ಅತಿ ಸ್ಪಷ್ಟವೋ ಅಷ್ಟೇ ಆ ಕ್ಯಾಮೆರಾದ ನಿಜವಾದ ಝೂಮ್. ಪೂರ್ತಿ ಎಳೆದದ್ದಕ್ಕಿಂತ ಅರ್ಧದಲ್ಲೇ ಚೆನ್ನಾಗಿ ಓದಲು ಬಂದರೆ ಉಳಿದ ಅರ್ಧಕ್ಕೆ ದುಡ್ಡು ಕೊಡಬೇಡಿ. ಅದರ ಪಕ್ಕದಲ್ಲಿರುವ ಕಡಿಮೆ ಎಕ್ಸ್‌ನ ಕ್ಯಾಮೆರಾವನ್ನೂ ಅದೇ ಮೂಲೆಯಿಂದ, ಅದೇ ಕ್ಯಾಲೆಂಡರಿನ ಮೇಲೆ ಪರೀಕ್ಷಿಸಿ ನೋಡಿ.